ಜಿಗಿಯುವ ಆಟದಲ್ಲಿ ಅಂಥದ್ದೇನಿದೆ?

ಮಕ್ಕಳಿಗೆ ಜ್ವರ, ಕೆಮ್ಮು ಎಂದು ದವಾಖಾನೆಗೆ ಬರುವ ತಾಯಂದಿರು ಈಗ ಔಷಧಿ ಚೀಟಿ ಕೈಗೆ ಬಂದ ಕೂಡಲೇ ಏಳುವುದಿಲ್ಲ. ಇನ್ನೊಂದು ಮಾತು ಉಳಿದಿರುತ್ತದೆ. "ಡಾಕ್ಟ್ರ, ಮೂರು ಸಲ ಕರದ್ರೂ ಬಂದೆ ಬಂದೆ ಅಂತಾನ್ರಿ, ಊಟಕ್ಕ ಏಳಂಗಿಲ್ರಿ. ಆ ಆಟದಾಗ ಅಂಥಾದ್ದೇನೈತ್ರಿ?" ಈ ಪ್ರಶ್ನೆ ಗಿಣಿಗೇರಾದ ಒಂದೆರಡು ಮನೆಗಳದ್ದಲ್ಲ. ಕೊಪ್ಪಳವಾಗಲಿ, ಕುಷ್ಟಗಿಯಾಗಲಿ, ಮಕ್ಕಳೂ ಮೊಬೈಲೂ ಇರುವ ಎಲ್ಲ ಮನೆಗಳ ಪ್ರಶ್ನೆ ಇದು.

ಹೆಚ್ಚಿನ ಪಾಲಕರು ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳುತ್ತಾರೆ. ಉತ್ತರ ತಿಳಿದುಕೊಳ್ಳುವ ಗೊಡವೆಗೆ ಹೋಗುವುದಿಲ್ಲ. ಆದರೆ ನಾಲಿಗೆಗೆ ಸಿಹಿ ಏಕೆ ರುಚಿಸುತ್ತದೆ ಎಂದು ಅರಿಯದವನು ಸಕ್ಕರೆ ಕಾಯಿಲೆಯವನಿಗೆ ಪಥ್ಯ ಹೇಳಲಾರ. ಹಾಗೆಯೇ, ಈ ಆಟ ಏಕೆ ರುಚಿಸುತ್ತದೆ ಎಂಬುದನ್ನು ಮೊದಲು ನೋಡೋಣ. ಅಂಕೆಯ ಮಾತು ಆಮೇಲೆ.

ಆಟದ ಸ್ವರೂಪ

ನಾನು ಹೇಳುತ್ತಿರುವುದು ಅತ್ಯಂತ ಸರಳವಾದ ಒಂದು ಬಗೆಯ ಆಟದ ಬಗ್ಗೆ. ಪರದೆಯ ಮೇಲೆ ಒಬ್ಬ ಪುಟ್ಟ ಮನುಷ್ಯ ಇರುತ್ತಾನೆ. ಅವನು ಓಡಬೇಕು, ಗುಂಡಿ ಬಂದರೆ ಹಾರಬೇಕು, ಕಟ್ಟೆಯಿಂದ ಕಟ್ಟೆಗೆ ಜಿಗಿಯಬೇಕು, ವೈರಿ ಎದುರಾದರೆ ತುಳಿಯಬೇಕು ಇಲ್ಲವೆ ತಪ್ಪಿಸಿಕೊಳ್ಳಬೇಕು, ದಾರಿಯಲ್ಲಿ ನಾಣ್ಯ ಆರಿಸಬೇಕು. ಅಷ್ಟೇ ಆಟ! 1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಡಾಂಕಿ ಕಾಂಗ್' ಎಂಬ ಆಟ ಹೊರತಂದಾಗ ಅದರ ನಾಯಕನಿಗೆ 'ಜಂಪ್‌ಮ್ಯಾನ್', ಅಂದರೆ ಜಿಗಿಯುವವನು ಎಂದೇ ಹೆಸರಿತ್ತು. ಅವನೇ ಮುಂದೆ ಮಾರಿಯೋ ಆದ. ಶಿಗೆರು ಮಿಯಾಮೊಟೊ ರೂಪಿಸಿದ 'ಸೂಪರ್ ಮಾರಿಯೋ ಬ್ರದರ್ಸ್' 1985ರಲ್ಲಿ ಬಂತು. ಗುಂಡು ಹಾರಿಸುತ್ತ ಜಿಗಿಯುವ 'ಕಾಂಟ್ರಾ' 1987ರಲ್ಲಿ ಬಂತು. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸುವ ಗೇಮ್ ಡಬ್ಬಿ ಮತ್ತು ಕ್ಯಾಸೆಟ್‌ಗಳ ಮೂಲಕ ಇವೆರಡೂ ನಮ್ಮ ಊರುಗಳಿಗೂ ಬಂದವು. ಇಂದು ತಂದೆ ತಾಯಿ ಆಗಿರುವ ಎಷ್ಟೋ ಮಂದಿ ಅಂದು ಅದರ ಗುಂಡಿ ಒತ್ತಿದವರೇ. ಮೊಬೈಲಿನ 'ಟೆಂಪಲ್ ರನ್' (2011), 'ಸಬ್‌ವೇ ಸರ್ಫರ್ಸ್' (2012) ಮೊದಲಾದವು ಅದೇ ಬಳ್ಳಿಯ ಕಾಯಿಗಳು.

ಈ ಆಟಕ್ಕೆ ಅಕ್ಷರ ಬೇಕಿಲ್ಲ, ಗುರು ಬೇಕಿಲ್ಲ. ಮಾರಿಯೋದ ಮೊದಲ ಅರ್ಧ ನಿಮಿಷವನ್ನೇ ನೋಡಿ. ಅಣಬೆಯಂಥ ಒಂದು ಪ್ರಾಣಿ ಎದುರಿನಿಂದ ಮೆಲ್ಲಗೆ ನಡೆದು ಬರುತ್ತದೆ. ಸುಮ್ಮನೆ ನಿಂತರೆ ಸಾವು. ಹಾರಿದರೆ ಉಳಿವು. ಅದರ ತಲೆಯ ಮೇಲೆಯೇ ಬಿದ್ದರೆ ಗೆಲುವು. ಮೂರು ಪಾಠಗಳೂ ಒಂದೇ ಏಟಿಗೆ ತಲೆಗೆ ಹತ್ತುತ್ತವೆ. ಐದು ವರ್ಷದ ಕೂಸೂ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದನ್ನು ಕಲಿಯಬಲ್ಲರು.

ಜಿಗಿತ ನಮ್ಮ ರಕ್ತದಲ್ಲೇ ಇದೆ

ಜಿಗಿಯುವ ಸುಖ ಜಪಾನಿನವರು ಕಂಡುಹಿಡಿದದ್ದಲ್ಲ. ಕುಂಟಾಟದಲ್ಲಿ ಗೆರೆ ತುಳಿಯದಂತೆ ಮನೆಯಿಂದ ಮನೆಗೆ ಹಾರುವುದು, ಮರಕೋತಿ ಆಟದಲ್ಲಿ ಕೊಂಬೆಯಿಂದ ದುಮುಕುವುದು, ಇವೆಲ್ಲ ಅದೇ ಸುಖವೇ. ನಮ್ಮ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟ ಹನುಮಂತ ಹುಟ್ಟಿದ ಸ್ಥಳವೆಂದು ಭಕ್ತರು ನಂಬುತ್ತಾರೆ. ಸಮುದ್ರವನ್ನೇ ಹಾರಿದವನ ಕಥೆ ಕೇಳಿ ಮೈ ಜುಮ್ಮೆನ್ನದ ಮಗು ಯಾವುದು? 2009ರಲ್ಲಿ ಹೈದರಾಬಾದಿನ ಕಂಪನಿಯೊಂದು ಪ್ಲೇಸ್ಟೇಷನ್‌ಗಾಗಿ ತಯಾರಿಸಿದ ಆಟಕ್ಕೂ ಹನುಮಂತನೇ ನಾಯಕ. ಅದರ ಹೆಸರು 'ಹನುಮಾನ್: ಬಾಯ್ ವಾರಿಯರ್'.

ಇಲ್ಲೊಂದು ಸಂಗತಿಯನ್ನು ನೀವೂ ಗಮನಿಸಿರಬಹುದು. ಆಟದೊಳಗಿನ ಮನುಷ್ಯ ಹಾರುವಾಗ ಆಡುತ್ತಿರುವ ಹುಡುಗನೂ ಕೈ ಮೇಲೆತ್ತುತ್ತಾನೆ, ಭುಜ ಓರೆ ಮಾಡುತ್ತಾನೆ, ಉಸಿರು ಬಿಗಿಹಿಡಿಯುತ್ತಾನೆ. ನುರಿತ ಲಾರಿ ಚಾಲಕನಿಗೆ ಲಾರಿಯ ಗಾಲಿ ತನ್ನ ಕಾಲೇ ಎನ್ನಿಸುವಂತೆ, ಮೆದುಳು ಪರದೆಯ ಆ ಗೊಂಬೆಯನ್ನು ತನ್ನ ದೇಹದ ಒಂದು ಅಂಗವೆಂಬಂತೆ ಬಳಸತೊಡಗುತ್ತದೆ. ಗುಂಡಿಯನ್ನು ತುಸು ಹೆಚ್ಚು ಹೊತ್ತು ಒತ್ತಿದರೆ ಮಾರಿಯೋ ತುಸು ಎತ್ತರಕ್ಕೆ ಹಾರುತ್ತಾನೆ. ನಾನು ಅಂದುಕೊಂಡೆ, ಅದು ಆಯಿತು! ಈ ಹಿಡಿತದ ಅನುಭವ ಮನುಷ್ಯನಿಗೆ ಬಲು ಪ್ರಿಯ. ದಿನವಿಡೀ ದೊಡ್ಡವರ ಅಪ್ಪಣೆಯಂತೆ ನಡೆಯುವ ಮಗುವಿಗಂತೂ ಇನ್ನೂ ಪ್ರಿಯ.

ಮೆದುಳಿನಲ್ಲಿ ನಡೆಯುವುದೇನು?

ನಮ್ಮ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ವಸ್ತು ಇದೆ. ಇದನ್ನು 'ಸುಖದ ರಸ' ಎಂದು ಕರೆಯುವ ರೂಢಿ ಇದ್ದರೂ ಅದು ಪೂರ್ತಿ ಸರಿಯಲ್ಲ. ಇದು 'ಇನ್ನೊಮ್ಮೆ ಮಾಡು' ಎಂದು ಹುರಿದುಂಬಿಸುವ ರಸ. ವುಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಮಾತು ಸ್ಪಷ್ಟವಾಯಿತು. ಖಾತ್ರಿಯಾಗಿ ಸಿಗುವ ಬಹುಮಾನಕ್ಕೆ ಡೋಪಮೈನ್ ಕೋಶಗಳು ಅಷ್ಟಾಗಿ ಮಿಡಿಯುವುದಿಲ್ಲ. ನಿರೀಕ್ಷೆಗಿಂತ ಹೆಚ್ಚು ಸಿಕ್ಕಾಗ ಜೋರಾಗಿ ಮಿಡಿಯುತ್ತವೆ. ಸಿಕ್ಕೀತೋ ಇಲ್ಲವೋ ಎಂಬ ಅನುಮಾನದ ನಡುವೆ ದಕ್ಕಿದ ಗೆಲುವು ಅದಕ್ಕೇ ರುಚಿ. ಜಿಗಿಯುವ ಆಟದಲ್ಲಿ ಇಂಥ ಅನುಮಾನ ಎರಡು ಮೂರು ಸೆಕೆಂಡಿಗೊಮ್ಮೆ ಎದುರಾಗುತ್ತದೆ.

1998ರಲ್ಲಿ ಲಂಡನ್ನಿನ ಸಂಶೋಧಕರು ಎಂಟು ಮಂದಿ ಗಂಡಸರಿಗೆ ಟ್ಯಾಂಕ್ ನಡೆಸುವ ವಿಡಿಯೋ ಆಟ ಆಡಲು ಕೊಟ್ಟು, ಅದೇ ಹೊತ್ತಿನಲ್ಲಿ ಅವರ ಮೆದುಳಿನ ಪೆಟ್ ಸ್ಕ್ಯಾನ್ ಮಾಡಿದರು. ಆಡುವಾಗ ಡೋಪಮೈನ್ ಬಿಡುಗಡೆ ಹೆಚ್ಚಿದ್ದು ಕಂಡುಬಂತು. ಇದನ್ನು ಓದಿ ಗಾಬರಿಯಾಗಬೇಡಿ. ಒಳ್ಳೆಯ ಊಟ, ಇಷ್ಟದ ಹಾಡು ಸಹ ಈ ವ್ಯವಸ್ಥೆಯನ್ನೇ ತಟ್ಟಿ ಎಬ್ಬಿಸುತ್ತವೆ. ಡೋಪಮೈನ್ ಹೆಚ್ಚಿತು ಎಂದ ಮಾತ್ರಕ್ಕೆ ಚಟ ಅಂಟಿತು ಎಂದಲ್ಲ.

ಇನ್ನೊಂದು ಕಾರಣ, ತಡವಿಲ್ಲದ ಉತ್ತರ. ಬಿತ್ತಿದ ರೈತ ಫಸಲಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಓದಿದ ವಿದ್ಯಾರ್ಥಿ ಫಲಿತಾಂಶಕ್ಕೆ ಕಾಯಬೇಕು. ಆಟದಲ್ಲಿ ಹಾಗಿಲ್ಲ. ನಾಣ್ಯ ಮುಟ್ಟಿದರೆ ಆ ಕ್ಷಣವೇ 'ಟಿಣ್' ಎಂಬ ಸದ್ದು, ತಪ್ಪಿದರೆ ಆ ಕ್ಷಣವೇ ಬೀಳುವಿಕೆ. ಎಲ್ಲಿ ತಪ್ಪಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ಹೆದರಿಕೆಯೂ ಒಂದು ಸುಖ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಹತ್ತಿ ಕಿರುಚುವವರು ಇಳಿದ ಮೇಲೆ ನಗುತ್ತಾರಲ್ಲವೇ? ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಅಡ್ರಿನಲಿನ್ ರಸ ರಕ್ತಕ್ಕೆ ಇಳಿಯುತ್ತದೆ. ಆದರೆ ಅಪಾಯವಿಲ್ಲ ಎಂದು ಮನಸ್ಸಿಗೆ ಗೊತ್ತು. ಆಟದಲ್ಲೂ ಹೀಗೆಯೇ.

ಇಲ್ಲಿ ಬಿದ್ದರೆ ಅವಮಾನವೂ ಇಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ತರಗತಿಯಲ್ಲಿ ನಗು ಕಾದಿರುತ್ತದೆ, ಮನೆಯಲ್ಲಿ ಬೈಗುಳ ಕಾದಿರುತ್ತದೆ. ಆಟದಲ್ಲಿ ನೂರು ಸಲ ಬಿದ್ದರೂ 'ಮತ್ತೆ ಆಡು' ಎಂಬ ಒಂದೇ ಮಾತು. ಹತ್ತು ಸಲ ಬಿದ್ದ ಗುಂಡಿಯನ್ನು ಹನ್ನೊಂದನೆಯ ಸಲ ದಾಟಿದಾಗ ಆಗುವ ಹಿಗ್ಗು ಸುಳ್ಳಲ್ಲ. ಅದು ಅವನು ದುಡಿದು ಗಳಿಸಿದ್ದು. ಮುಂದಿನ ಹಂತ ತುಸು ಕಷ್ಟ, ಆದರೆ ಕೈಗೆಟುಕದಷ್ಟು ಕಷ್ಟವಲ್ಲ. ಹೀಗೆ ಕಷ್ಟಕ್ಕೂ ಕೌಶಲಕ್ಕೂ ಸರಿ ಹೊಂದಿದಾಗ ಮನಸ್ಸು ಹೊತ್ತಿನ ಪರಿವೆ ಮರೆತು ಹರಿಯುತ್ತದೆ ಎಂದು ಚಿಕ್‌ಸೆಂಟ್‌ಮಿಹಾಯಿ ಎಂಬ ಮನೋವಿಜ್ಞಾನಿ ವಿವರಿಸಿದರು. ಅವರು ಇದನ್ನು 'ಫ್ಲೋ' ಎಂದು ಕರೆದರು. ತಬಲಾ ನುಡಿಸುವವರಿಗೂ ರಂಗೋಲಿ ಹಾಕುವವರಿಗೂ ಈ ಸ್ಥಿತಿ ಪರಿಚಿತ. "ಬಂದೆ ಬಂದೆ" ಎನ್ನುವ ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಹೊತ್ತು ಸರಿದದ್ದು ಅವನಿಗೆ ನಿಜವಾಗಿಯೂ ತಿಳಿದಿರುವುದಿಲ್ಲ.

ಲಾಭವೂ ಸ್ವಲ್ಪ ಉಂಟು. ವೇಗದ ವಿಡಿಯೋ ಆಟ ಆಡುವವರು ಕಣ್ಣಿನ ಗಮನವನ್ನು ಚುರುಕಾಗಿ ಹಂಚಬಲ್ಲರೆಂದು 2003ರಲ್ಲಿ ಅಮೆರಿಕದ ಗ್ರೀನ್ ಮತ್ತು ಬವೆಲಿಯರ್ ಎಂಬ ಸಂಶೋಧಕರು ತೋರಿಸಿದರು. ಹಾಗೆಂದು ಆಟದಿಂದ ಗಣಿತದ ಅಂಕ ಏರುತ್ತದೆ ಎಂದು ಭಾವಿಸಬಾರದು.

ಬೇಲಿ ಕಿತ್ತ ಹೊಲ

ಹಾಗಾದರೆ ತೊಂದರೆ ಎಲ್ಲಿದೆ? ಹಳೆಯ ಮಾರಿಯೋ ಆಟದಲ್ಲಿ ಇದ್ದದ್ದು 32 ಹಂತ. ಕೊನೆಯ ಕೋಟೆ ಗೆದ್ದರೆ ಆಟ ಮುಗಿಯಿತು. ಇದ್ದ ಮೂರು ಪ್ರಾಣ ಹೋದರೆ ಮೊದಲಿನಿಂದ ಆಡಬೇಕಿತ್ತು. ಟಿವಿ ಒಂದೇ ಇರುತ್ತಿತ್ತು, ಸುದ್ದಿಯ ಹೊತ್ತಿಗೆ ತಂದೆಗೆ ಬಿಟ್ಟುಕೊಡಬೇಕಿತ್ತು. ನಡುವೆ ಕರೆಂಟೂ ಹೋಗುತ್ತಿತ್ತು! ಇವೆಲ್ಲ ನಾವು ಹಾಕದಿದ್ದರೂ ತಾವಾಗಿ ಇದ್ದ ಬೇಲಿಗಳು. ಇಂದಿನ ಓಟದ ಆಟಗಳಿಗೆ ಕೊನೆಯೇ ಇಲ್ಲ. ದಿನಕ್ಕೊಂದು ಬಹುಮಾನದ ಆಸೆ ತೋರಿಸಿ ನಾಳೆಯೂ ಕರೆಯುತ್ತವೆ. ಆಡುವ ಯಂತ್ರವೋ ಹಾಸಿಗೆಯೊಳಕ್ಕೂ ಬರುತ್ತದೆ. ರುಚಿ ಅಂದಿನದೇ, ಬೇಲಿ ಮಾತ್ರ ಇಲ್ಲ.

ಮೊದಲು ಕೆಡುವುದು ನಿದ್ದೆ. ಆಡಿ ಕೆರಳಿದ ಮೆದುಳು ಕೂಡಲೇ ತಣ್ಣಗಾಗದು. ಗಿಣಿಗೇರಾದ ಸುತ್ತಲಿನ ಉಕ್ಕಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ಯುವಕರಿಗೆ ಈ ಮಾತನ್ನು ಒತ್ತಿ ಹೇಳಬೇಕು. ಪಾಳಿ ಮುಗಿಸಿ ಬಂದು 'ಸ್ವಲ್ಪ ಹೊತ್ತು' ಎಂದು ಆಡಿ ಹಗಲಿನ ನಿದ್ದೆ ಕಳೆದುಕೊಂಡರೆ ಮರುರಾತ್ರಿ ಕಾದ ಕಬ್ಬಿಣದ ಮುಂದೆ ತೂಕಡಿಸಬೇಕಾದೀತು. ಅಲ್ಲಿ 'ಮತ್ತೆ ಆಡು' ಎಂಬ ಗುಂಡಿ ಇಲ್ಲ. ರೈಲು ಹಳಿಯ ಮೇಲೂ ಇಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು, ಪರದೆ ನೋಡುತ್ತ ಹಳಿ ದಾಟುವುದನ್ನು ಇಂದೇ ಬಿಡಿ.

ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಬಯಲಿನ ಬೆಳಕಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ದೋಷ ಕಡಿಮೆ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಪ್ರವೃತ್ತಿ ಕೆಲವೇ ಮಕ್ಕಳಲ್ಲಿ ಇರುತ್ತದೆ. ಆಡುವಾಗ ಮಗು ಒಮ್ಮೆ ಅರಿವು ತಪ್ಪಿದರೂ, ಕೈಕಾಲು ಅದುರಿದರೂ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮೋಜು ಯಾವಾಗ ರೋಗ?

ವಿಶ್ವ ಆರೋಗ್ಯ ಸಂಸ್ಥೆಯು 'ಗೇಮಿಂಗ್ ಡಿಸಾರ್ಡರ್' ಎಂಬುದನ್ನು ರೋಗಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂತು. ಅದರ ಲಕ್ಷಣಗಳು ಮೂರು. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು. ಇದರಿಂದ ಓದು, ಕೆಲಸ, ಮನೆಯ ಬಾಳು ಗಣನೀಯವಾಗಿ ಕೆಟ್ಟಿರಬೇಕು. ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕು. ದಿನಕ್ಕೊಂದು ಗಂಟೆ ಆಡಿ, ಊಟ, ನಿದ್ದೆ, ಗೆಳೆಯರು, ಓದು ನೆಟ್ಟಗಿರುವ ಹುಡುಗ ರೋಗಿಯಲ್ಲ. ಆಡುವವರಲ್ಲಿ ಬಹುಪಾಲು ಮಂದಿ ಇಂಥವರೇ.

ಮೂರೂ ಲಕ್ಷಣ ಕಂಡರೆ ಸುಮ್ಮನಿರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ 'ಶಟ್' ಎಂಬ ವಿಶೇಷ ಚಿಕಿತ್ಸಾಲಯ ಆರಂಭವಾಯಿತು. ಮೊಬೈಲ್, ಆಟಗಳ ಅತಿಬಳಕೆಗೆಂದೇ ಇರುವ ವಿಭಾಗ ಅದು. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಣ ಕಟ್ಟಿ ಆಡುವ ಆಟಗಳ ಮಾತೇ ಬೇರೆ. ಅವು ಜೂಜು. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ನೀಡಿತು.

ಪಾಲಕರಿಗೆ ಕೆಲವು ಮಾತು

ಆಟದ ನಡುವೆ ಮೊಬೈಲ್ ಕಸಿದುಕೊಳ್ಳಬೇಡಿ. ಹಾರಿದವನನ್ನು ಗಾಳಿಯಲ್ಲೇ ಹಿಡಿದು ಎಳೆದಂತೆ ಆಗುತ್ತದೆ, ಜಗಳ ಖಂಡಿತ. "ಇದೊಂದು ಓಟ ಮುಗಿದ ಮೇಲೆ ಇಟ್ಟುಬಿಡಪ್ಪ" ಎಂದು ಐದು ನಿಮಿಷ ಮೊದಲೇ ಹೇಳಿ, ಹೇಳಿದಂತೆ ನಡೆಸಿ. ಕೊನೆಯಿಲ್ಲದ ಆಟಕ್ಕಿಂತ ಹಂತಗಳಿರುವ ಆಟ ಮೇಲು, ನಿಲ್ಲಲು ಒಂದು ಜಾಗ ಸಿಗುತ್ತದೆ. ಆಟದ ಹೊತ್ತನ್ನು ಊಟ, ಮನೆಪಾಠದ ನಂತರಕ್ಕೆ ಗೊತ್ತುಮಾಡಿ. ಮಲಗುವ ಒಂದು ಗಂಟೆ ಮೊದಲೇ ಎಲ್ಲರ ಮೊಬೈಲೂ ಹೊರಗಿನ ಕೋಣೆಯಲ್ಲಿರಲಿ. ಈ ನಿಯಮ ತಂದೆಗೂ ಅನ್ವಯಿಸಬೇಕು. ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ. ಐದರೊಳಗಿನವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ. ವಾರಕ್ಕೊಮ್ಮೆ ಪಕ್ಕದಲ್ಲಿ ಕೂತು ನೀವೂ ಆಡಿ, ಬೀಳಿ. ಮಗ ನಿಮಗೆ ಕಲಿಸಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಆಟದ ಗುಟ್ಟನ್ನು ಓದಿನ ಕೋಣೆಗೂ ತನ್ನಿ. ಇಪ್ಪತ್ತು ಲೆಕ್ಕ ಒಟ್ಟಿಗೆ ಕೊಡದೆ ನಾಲ್ಕು ನಾಲ್ಕಾಗಿ ಕೊಡಿ. ಮುಗಿಸಿದ ಕೂಡಲೇ ನೋಡಿ, ಸರಿಯಿದ್ದರೆ ಆಗಲೇ ಹೇಳಿ. ತಪ್ಪಿದರೆ ನಗಬೇಡಿ, ಬೈಯಬೇಡಿ, "ಇನ್ನೊಮ್ಮೆ ಮಾಡು" ಎನ್ನಿ. ಬಿದ್ದವನನ್ನು ಹೀಯಾಳಿಸದ ಜಾಗಕ್ಕೆ ಮಕ್ಕಳು ತಾವಾಗಿ ಹೋಗುತ್ತಾರೆ. ಅಂಥ ಜಾಗ ಮೊಬೈಲಿನಲ್ಲಿ ಮಾತ್ರ ಇದ್ದರೆ ಅಲ್ಲಿಗೇ ಹೋಗುತ್ತಾರೆ. ಮನೆಯಲ್ಲೂ ಇದ್ದರೆ, ಕರೆದಾಗ ಎದ್ದು ಬರುವುದು ಅವರಿಗೆ ಅಷ್ಟು ಕಷ್ಟವಾಗದು.