ಗುರಿ ಕಾಣದ ಗೋಲಂದಾಜ

ಮೈಸೂರಿನ ಜಂಬೂಸವಾರಿಯ ದಿನ ಕುಶಾಲತೋಪು ಹಾರಿಸುವುದನ್ನು ಕಂಡವರಿಗೆ ಗೋಲಂದಾಜನ ಚಿತ್ರವೊಂದು ಮನಸ್ಸಿನಲ್ಲಿ ಉಳಿದಿರುತ್ತದೆ. ನಳಿಗೆಯನ್ನು ಒರೆಸುವುದು, ಮದ್ದು ತುರುಕುವುದು, ಬೆಂಕಿ ಮುಟ್ಟಿಸಿ ಕಿವಿ ಮುಚ್ಚಿಕೊಳ್ಳುವುದು. ಹಿಂದಿನ ಕಾಲದ ಯುದ್ಧಗಳಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು. ಒಂದು ವ್ಯತ್ಯಾಸವೆಂದರೆ, ಎದುರಿಗೆ ಶತ್ರು ಇರುತ್ತಿದ್ದ. ಗೋಲಂದಾಜ ಆತನನ್ನು ಕಣ್ಣಾರೆ ನೋಡಿಯೇ ಗುಂಡು ಹಾರಿಸುತ್ತಿದ್ದ.

ಮೊದಲನೆಯ ಮಹಾಯುದ್ಧ ಅದನ್ನು ಬದಲಾಯಿಸಿತು. 1914ರ ಕೊನೆಯ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಗಡಿಯಿಂದ ಉತ್ತರ ಸಮುದ್ರದವರೆಗೆ ಸುಮಾರು 700 ಕಿ.ಮೀ. ಉದ್ದಕ್ಕೆ ಎರಡೂ ಕಡೆಯ ಸೈನಿಕರು ಕಂದಕ ತೋಡಿಕೊಂಡು ಕುಳಿತಿದ್ದರು. ನೆಲದೊಳಗೆ ಇಳಿದ ಮನುಷ್ಯನನ್ನು ಬಂದೂಕು ಏನೂ ಮಾಡಲಾರದು. ಮೇಲಿನಿಂದ ಬೀಳುವ ಶೆಲ್ ಮಾತ್ರ ಆತನನ್ನು ಮುಟ್ಟಬಲ್ಲದು. ಹೀಗಾಗಿ ಕಂದಕಗಳ ಯುದ್ಧ ಫಿರಂಗಿಗಳ ಯುದ್ಧವಾಯಿತು. ಸಿನಿಮಾ ನೋಡಿದವರು ಮಷಿನ್‌ಗನ್ನನ್ನೇ ಆ ಯುದ್ಧದ ದೊಡ್ಡ ಕೊಲೆಗಾರನೆಂದು ಭಾವಿಸುತ್ತಾರೆ. ಆದರೆ ಸತ್ತವರು, ಗಾಯಗೊಂಡವರಲ್ಲಿ ನೂರಕ್ಕೆ ಸುಮಾರು 60 ಮಂದಿ ಶೆಲ್ಲುಗಳಿಗೆ ಬಲಿಯಾದವರು. ಅವನ್ನು ಹಾರಿಸಿದವರು ಎರಡು ಮೂರು ಮೈಲಿ ಹಿಂದೆ, ದಿಬ್ಬದ ಮರೆಯಲ್ಲಿ ನಿಂತಿದ್ದರು. ಎಷ್ಟೋ ಗೋಲಂದಾಜರು ಇಡೀ ಯುದ್ಧದಲ್ಲಿ ತಾವು ಕೊಂದ ಒಬ್ಬನನ್ನೂ ನೋಡಲಿಲ್ಲ.

ಬ್ರಿಟಿಷರ 18 ಪೌಂಡರ್ ಫಿರಂಗಿಯನ್ನೇ ತೆಗೆದುಕೊಳ್ಳಿ. ಆರು ಕುದುರೆಗಳು ಎಳೆಯುತ್ತಿದ್ದ ಈ ಫಿರಂಗಿಯ ಸುತ್ತ ಆರು ಜನ. ಒಬ್ಬ ಹಿಂಬಾಗಿಲು ತೆರೆದು ಮುಚ್ಚುವವ, ಒಬ್ಬ ಶೆಲ್ ತುಂಬುವವ, ಇಬ್ಬರು ಮದ್ದುಗುಂಡು ಸಿದ್ಧಪಡಿಸಿ ಕೊಡುವವರು, ಇವರ ಮೇಲೊಬ್ಬ ಸಾರ್ಜೆಂಟ್. ಗುರಿಯಿಡುವವನ ಕೆಲಸ ಎಲ್ಲಕ್ಕಿಂತ ವಿಚಿತ್ರ. ದೂರ್ಬೀನಿನಲ್ಲಿ ಆತ ನೋಡುತ್ತಿದ್ದುದು ಶತ್ರುವನ್ನಲ್ಲ, ಪಕ್ಕದ ಹೊಲದಲ್ಲಿ ನೆಟ್ಟ ಬಣ್ಣದ ಗೂಟವನ್ನೋ ಹಿಂದಿನ ಊರಿನ ಚರ್ಚಿನ ಗೋಪುರವನ್ನೋ. ಅದರಿಂದ ಇಷ್ಟು ಡಿಗ್ರಿ ತಿರುಗಿಸು ಎಂದು ಆಜ್ಞೆ ಬರುತ್ತಿತ್ತು, ತಿರುಗಿಸುತ್ತಿದ್ದ. ನುರಿತ ತಂಡ ತುರ್ತಿನಲ್ಲಿ ನಿಮಿಷಕ್ಕೆ ಹದಿನೈದಿಪ್ಪತ್ತು ಶೆಲ್ ಹಾರಿಸಬಲ್ಲದಾಗಿತ್ತು. ಅವು ಎಲ್ಲಿ ಬಿದ್ದವು ಎಂಬುದು ಮಾತ್ರ ಅವರಿಗೆ ಕಾಣದು.

ಕಾಣುತ್ತಿದ್ದುದು ಮುಂದಿನ ಕಂದಕದಲ್ಲಿ ಪದಾತಿಗಳ ಜತೆ ಕುಳಿತ ವೀಕ್ಷಕ ಅಧಿಕಾರಿಗೆ. ಫಿರಂಗಿ ದಳದ ಕಣ್ಣು ಆತ. ಆ ಕಣ್ಣಿಗೂ ಫಿರಂಗಿಗೂ ನಡುವೆ ಇದ್ದುದು ಒಂದು ಟೆಲಿಫೋನ್ ತಂತಿ. ಶತ್ರುವಿನ ಶೆಲ್ ಬಿದ್ದಾಗಲೆಲ್ಲ ತಂತಿ ತುಂಡಾಗುತ್ತಿತ್ತು. ಆಗ ಲೈನ್‌ಮನ್ನುಗಳು ಅದೇ ಶೆಲ್ಲುಗಳ ನಡುವೆ ತೆವಳಿಕೊಂಡು ಹೋಗಿ, ಕೈಯಲ್ಲಿ ತಂತಿ ಸವರುತ್ತಾ ತುಂಡಾದ ಜಾಗ ಹುಡುಕಿ ಗಂಟು ಹಾಕಿ ಬರಬೇಕು. ಒಂದು ಗಂಟೆಯಲ್ಲಿ ಮತ್ತೆ ಹರಿಯುತ್ತಿತ್ತು. ಪದಕಗಳ ಪಟ್ಟಿಯಲ್ಲಿ ಇವರಿಗೆ ಇನ್ನಷ್ಟು ಜಾಗ ಸಿಗಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಮುಳ್ಳುತಂತಿಯ ಪ್ರಶ್ನೆ

ಫಿರಂಗಿಯ ಲೆಕ್ಕ ಸರಿಹೋದರೆ ಏನು, ತಪ್ಪಿದರೆ ಏನು ಎಂಬುದನ್ನು ಮೊದಲು ತಿಳಿದುಕೊಂಡವರಲ್ಲಿ ಭಾರತೀಯರೂ ಇದ್ದರು. 1915ರ ಮಾರ್ಚ್ 10ರಂದು ಫ್ರಾನ್ಸಿನ ನವ್ ಶಪೆಲ್ ಹಳ್ಳಿಯ ಮೇಲೆ 340ರಷ್ಟು ಫಿರಂಗಿಗಳು 35 ನಿಮಿಷ ಶೆಲ್ ಸುರಿಸಿದವು. ತಂತಿ ತುಂಡಾಗಿದ್ದ ಕಡೆ ಗಢವಾಲಿ ಸೈನಿಕರು ಕೆಲವೇ ನಿಮಿಷಗಳಲ್ಲಿ ಜರ್ಮನರ ಕಂದಕಕ್ಕೆ ಧುಮುಕಿದರು. ಅವರದೇ ಇನ್ನೊಂದು ಪಡೆ ದಿಕ್ಕು ತಪ್ಪಿ, ಒಂದು ಶೆಲ್ಲೂ ಬೀಳದಿದ್ದ ಜಾಗಕ್ಕೆ ಎದುರಾಯಿತು. ಅಲ್ಲಿ ತಂತಿ ಹಾಗೇ ಇತ್ತು, ಮಷಿನ್‌ಗನ್ ಹಾಗೇ ಇತ್ತು. ಮೂರು ನಾಲ್ಕು ದಿನಗಳ ಆ ಕದನದಲ್ಲಿ ಸತ್ತ, ಗಾಯಗೊಂಡ ಭಾರತೀಯರ ಸಂಖ್ಯೆ ನಾಲ್ಕು ಸಾವಿರ ದಾಟಿತು. ಆ ಹಳ್ಳಿಯಲ್ಲಿ 1927ರಲ್ಲಿ ಅನಾವರಣಗೊಂಡ ಸ್ಮಾರಕದ ಮೇಲೆ, ಪಶ್ಚಿಮ ರಣರಂಗದಲ್ಲಿ ಮಡಿದು ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ.

ಆದರೆ ಆ 340 ಫಿರಂಗಿಗಳ ಹಿಂದೆ ಭಾರತೀಯ ಗೋಲಂದಾಜರು ನಿಂತಿರಲಿಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಭಾರತೀಯರ ಕೈಗೆ ಫಿರಂಗಿ ಕೊಡಲು ಹೆದರಿದರು. ಹೇಸರಗತ್ತೆಗಳ ಮೇಲೆ ಹೊರುವ ಸಣ್ಣ ಬೆಟ್ಟದ ಫಿರಂಗಿಗಳಿಗೆ ಮಾತ್ರ ಅವರನ್ನು ಸೇರಿಸಿಕೊಂಡರು. 1915ರ ಏಪ್ರಿಲ್‌ನಲ್ಲಿ ಗಲ್ಲಿಪೊಲಿಯಲ್ಲಿ ಇಳಿದ ಕೊಹಾಟ್ ಮತ್ತು ಜೇಕಬ್ಸ್ ಬ್ಯಾಟರಿಗಳು ಅಂಥವೇ. ಭಾರತೀಯರ ಮೊದಲ ಮೈದಾನ ಫಿರಂಗಿ ಪಡೆ ಹುಟ್ಟಿದ್ದು 1935ರ ಜನವರಿ 15ರಂದು, ನಮ್ಮ ಬೆಂಗಳೂರಿನಲ್ಲಿ.

ಬೆಂಗಳೂರಿಗೆ ಈ ಕಥೆಯಲ್ಲಿ ಇನ್ನೊಂದು ನಂಟೂ ಇದೆ. ಶೆಲ್ಲಿಗೆ ತುಂಡಾಗದ ಮುಳ್ಳುತಂತಿಯ ಕೆಳಗೆ ಸೈನಿಕರು ತೆವಳಿ ಹೋಗಿ ತೂರಿಸುತ್ತಿದ್ದ ಸ್ಫೋಟಕ ಕೊಳವೆಯ ಹೆಸರೇ ‘ಬೆಂಗಳೂರು ಟಾರ್ಪೆಡೊ’. 1912ರಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಮೆಕ್ಲಿಂಟಾಕ್ ಎಂಬ ಕ್ಯಾಪ್ಟನ್ ಅದನ್ನು ಬೆಂಗಳೂರಿನಲ್ಲಿ ರೂಪಿಸಿದ್ದ.

1916ರ ಸೋಮ್ ಕದನಕ್ಕೆ ಬರೋಣ. ಶೆಲ್ ಸಾಲದ್ದರಿಂದ ಸೋತೆವು ಎಂದು ಬ್ರಿಟನ್ನಿನಲ್ಲಿ ಕೂಗೆದ್ದು, ಕಾರ್ಖಾನೆಗಳಲ್ಲಿ ಹೆಂಗಸರು ಮೈ ಹಳದಿಯಾಗುವಷ್ಟು ಟಿಎನ್‌ಟಿ ತುಂಬಿ ಶೆಲ್ ರಾಶಿ ಹಾಕಿದ್ದರು. ಜೂನ್ 24ರಿಂದ ಏಳು ದಿನ 15 ಲಕ್ಷಕ್ಕೂ ಹೆಚ್ಚು ಶೆಲ್ಲುಗಳು ಜರ್ಮನರ ಮೇಲೆ ಬಿದ್ದವು. ಇಷ್ಟಾದ ಮೇಲೆ ಅಲ್ಲಿ ಇಲಿಯೂ ಬದುಕಿರಲಾರದೆಂದು ಸೇನಾಧಿಕಾರಿಗಳು ನಂಬಿದ್ದರು. ಆದರೆ ಜರ್ಮನರು 30 ಅಡಿ ಆಳದ ನೆಲಮಾಳಿಗೆಗಳಲ್ಲಿ ಕುಳಿತಿದ್ದರು. ಹಾರಿಸಿದ ಶೆಲ್ಲುಗಳಲ್ಲಿ ಬಹುಪಾಲು ಗಾಳಿಯಲ್ಲಿ ಸಿಡಿದು ಗುಂಡಿನ ಮಣಿ ಚೆಲ್ಲುವ ಶ್ರಾಪ್ನೆಲ್. ಅದು ಬಯಲಿನಲ್ಲಿ ನಿಂತವನನ್ನು ಕೊಲ್ಲುತ್ತದೆ, ನೆಲಮಾಳಿಗೆಯನ್ನು ಮುಟ್ಟುವುದಿಲ್ಲ. ಸರಿಯಾದ ಎತ್ತರದಲ್ಲಿ ಸಿಡಿಯದಿದ್ದರೆ ತಂತಿಯನ್ನೂ ಕತ್ತರಿಸುವುದಿಲ್ಲ. ಸಾಕಷ್ಟು ಶೆಲ್ಲುಗಳು ಸಿಡಿಯಲೇ ಇಲ್ಲ.

ಜುಲೈ 1ರ ಬೆಳಗ್ಗೆ ಏಳೂವರೆಗೆ ಫಿರಂಗಿಗಳು ಗುರಿಯನ್ನು ಹಿಂದಿನ ಸಾಲಿಗೆ ಎತ್ತಿದವು. ಪದಾತಿಗಳು ಕಂದಕದಿಂದ ಮೇಲೆದ್ದರು. ಇವರು ನಡುವಿನ ಬಯಲು ದಾಟುವುದು ಮೊದಲೋ, ಜರ್ಮನರು ಮೆಟ್ಟಿಲು ಹತ್ತಿ ಮಷಿನ್‌ಗನ್ ಹೂಡುವುದು ಮೊದಲೋ? ಜರ್ಮನರೇ ಮೊದಲಾದರು. ಅಂದು ಒಂದೇ ದಿನ ಸತ್ತ ಬ್ರಿಟಿಷ್ ಸೈನಿಕರು 19,240. ಗಾಯಗೊಂಡವರು, ಕಾಣೆಯಾದವರು ಸೇರಿದರೆ 57,470. ದಕ್ಷಿಣದ ತುದಿಯಲ್ಲಿ ಮಾತ್ರ, ಫ್ರೆಂಚರ ಭಾರಿ ಫಿರಂಗಿಗಳ ನೆರವು ಸಿಕ್ಕಿದ ಕಡೆ, ಪದಾತಿಗಳು ಗುರಿ ಮುಟ್ಟಿದರು. ಅವರೂ ಉಳಿದವರಂಥದೇ ಸೈನಿಕರು. ಬೇರೆಯಾಗಿದ್ದುದು ಅವರ ಹಿಂದಿನ ಫಿರಂಗಿಗಳು.

ಶಬ್ದ ಅಳೆದ ವಿಜ್ಞಾನಿ

ಮುಂದಿನ ಒಂದು ವರ್ಷ ಫಿರಂಗಿ ದಳ ಕಲಿತದ್ದು ಗಣಿತ. ಪದಾತಿಗಳ ಮುಂದೆ ಶೆಲ್ಲುಗಳ ಒಂದು ಗೋಡೆಯನ್ನೇ ನಡೆಸುವುದು ಇದರಲ್ಲಿ ಒಂದು. ಮೂರು ನಿಮಿಷಕ್ಕೊಮ್ಮೆ ಗೋಡೆ ನೂರು ಗಜ ಮುಂದೆ ಸರಿಯುತ್ತದೆ. ಐವತ್ತು ಗಜ ಹಿಂದೆ ಸೈನಿಕರು ನಡೆಯುತ್ತಾರೆ. ತೀರ ಹಿಂದುಳಿದರೆ ಶತ್ರುವಿಗೆ ಸಿಗುತ್ತಾರೆ, ತೀರ ಮುಂದಾದರೆ ತಮ್ಮವರದೇ ಶೆಲ್ಲಿಗೆ. ಫಿರಂಗಿಯ ನಳಿಗೆ ಸವೆದಂತೆ ಶೆಲ್ ಹತ್ತಿರ ಬೀಳುತ್ತದೆ, ಗಾಳಿ ಎದುರಾದರೂ ಹತ್ತಿರ ಬೀಳುತ್ತದೆ. ಹಾಗೆ ಬಿದ್ದ ಶೆಲ್ ಕೊಲ್ಲುವುದು ತನ್ನದೇ ಊರಿನ ಹುಡುಗನನ್ನು. ಹಾರಿಸಿದವನಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಕೈಗಡಿಯಾರ ನೋಡಿಕೊಂಡು ಆತ ಮುಂದಿನ ಶೆಲ್ ತುಂಬುತ್ತಿದ್ದ.

ಇನ್ನೊಂದು ಕೆಲಸ, ಅಡಗಿ ಕುಳಿತ ಶತ್ರುವಿನ ಫಿರಂಗಿಯನ್ನು ಪತ್ತೆಹಚ್ಚುವುದು. ಇದಕ್ಕೆ ನೇಮಕವಾದವನು ಲಾರೆನ್ಸ್ ಬ್ರ್ಯಾಗ್. 1915ರಲ್ಲಿ, 25ನೆಯ ವಯಸ್ಸಿನಲ್ಲಿ, ತಂದೆಯ ಜತೆ ನೊಬೆಲ್ ಬಹುಮಾನ ಪಡೆದ ಭೌತವಿಜ್ಞಾನಿ. ಸುದ್ದಿ ಬಂದಾಗ ಆತ ಇದ್ದದ್ದು ರಣರಂಗದ ಹತ್ತಿರ. ಫಿರಂಗಿ ದಳದಲ್ಲಿದ್ದ ತಮ್ಮ ರಾಬರ್ಟ್ ಅದೇ ವರ್ಷ ಗಲ್ಲಿಪೊಲಿಯಲ್ಲಿ ತೀರಿಕೊಂಡಿದ್ದ.

ಬ್ರ್ಯಾಗ್‌ನ ಉಪಾಯ ಸರಳವಾದದ್ದು. ಆರು ಮೈಕ್ರೊಫೋನುಗಳನ್ನು ಸಾಲಾಗಿ ಇಡುವುದು. ಫಿರಂಗಿಯ ಶಬ್ದ ಒಂದೊಂದನ್ನೂ ಬೇರೆ ಬೇರೆ ಕ್ಷಣದಲ್ಲಿ ತಲುಪುತ್ತದೆ. ಆ ವ್ಯತ್ಯಾಸದಿಂದ ಫಿರಂಗಿ ಇರುವ ಜಾಗವನ್ನು ಲೆಕ್ಕ ಹಾಕಬಹುದು. ತೊಡಕು ಮೈಕ್ರೊಫೋನಿನದು. ಶೆಲ್ಲಿನ ಚಟ್ ಎಂಬ ಸದ್ದು ಅದಕ್ಕೆ ಕೇಳಿಸುತ್ತಿತ್ತು, ಫಿರಂಗಿಯ ಮಂದ್ರವಾದ ‘ಧುಂ’ ಕೇಳಿಸುತ್ತಿರಲಿಲ್ಲ. ಪರಿಹಾರದ ಮೊದಲ ಸುಳಿವು ಸಿಕ್ಕಿದ್ದು, ಓದುಗರು ಕ್ಷಮಿಸಬೇಕು, ಕಕ್ಕಸಿನಲ್ಲಿ. ದೂರದ ಫಿರಂಗಿ ಹಾರಿದಾಗಲೆಲ್ಲ, ಕಿವಿಗೆ ಏನೂ ಕೇಳದಿದ್ದರೂ, ತಾನು ಕುಳಿತ ಜಾಗದ ಗಾಳಿ ತನ್ನನ್ನು ಮೆಲ್ಲಗೆ ಎತ್ತುವುದನ್ನು ಬ್ರ್ಯಾಗ್ ಗಮನಿಸಿದ. ಅದೇ ಗಾಳಿ ತನ್ನ ಹಾಸಿಗೆಯ ಪಕ್ಕದ ಗೋಡೆಯ ತೂತಿನಿಂದ ತಣ್ಣಗೆ ಮುಖಕ್ಕೆ ಬಡಿಯುವುದನ್ನು ಟಕರ್ ಎಂಬ ಕಾರ್ಪೊರಲ್ ಗಮನಿಸಿದ್ದ. ಕಾಯಿಸಿದ ಸಣ್ಣ ತಂತಿಯೊಂದು ಆ ಗಾಳಿಗೆ ತಣ್ಣಗಾಗುವುದನ್ನೇ ಅಳೆದರಾಯಿತು! 1916ರಲ್ಲಿ ಹೊಸ ಮೈಕ್ರೊಫೋನು ಸಿದ್ಧವಾಯಿತು.

1917ರ ಏಪ್ರಿಲ್ 9ರಂದು ಕೆನಡಾದ ಸೈನಿಕರು ವಿಮಿ ದಿಬ್ಬವನ್ನು ಹತ್ತುವ ಮೊದಲೇ, ಎದುರಿಗಿದ್ದ ಜರ್ಮನ್ ಫಿರಂಗಿಗಳಲ್ಲಿ ನೂರಕ್ಕೆ 83ರ ಜಾಗ ನಕ್ಷೆಯ ಮೇಲೆ ಗುರುತಾಗಿತ್ತು. ಅದೇ ನವೆಂಬರ್ 20ರಂದು ಕಾಂಬ್ರೆಯಲ್ಲಿ ಸುಮಾರು ಸಾವಿರ ಫಿರಂಗಿಗಳು, ಮೊದಲು ಒಂದು ಪರೀಕ್ಷಾ ಗುಂಡನ್ನೂ ಹಾರಿಸದೆ, ಬರೀ ನಕ್ಷೆ, ಹವೆಯ ಉಷ್ಣಾಂಶ, ಗಾಳಿಯ ವೇಗ, ಪ್ರತಿ ನಳಿಗೆಯ ಸವೆತದ ಲೆಕ್ಕದಿಂದಲೇ ಒಮ್ಮೆಲೇ ಗರ್ಜಿಸಿದವು. ಆ ದಿನದ ಕೀರ್ತಿಯನ್ನೆಲ್ಲ ಟ್ಯಾಂಕುಗಳು ಕೊಂಡೊಯ್ದವು. ಅರ್ಧ ಪಾಲು ಗೋಲಂದಾಜರಿಗೆ ಸಲ್ಲಬೇಕಿತ್ತು.

ಹಾಗೆಂದು ಅವರು ಸುರಕ್ಷಿತವಾಗಿದ್ದರೆಂದಲ್ಲ. ಶತ್ರುವೂ ಇದೇ ಲೆಕ್ಕ ಕಲಿತಿದ್ದ. 1917ರ ಪಾಶೆಂಡೇಲ್ ಕದನದಲ್ಲಿ ಕೆಸರು ಎಷ್ಟಿತ್ತೆಂದರೆ, ಹಲಗೆಯ ಮೇಲೆ ನಿಲ್ಲಿಸಿದ ಫಿರಂಗಿ ಪ್ರತಿ ಹೊಡೆತಕ್ಕೂ ಹೂತುಹೋಗಿ ಮತ್ತೆ ಗುರಿ ಹೂಡಬೇಕಾಗುತ್ತಿತ್ತು. ಹಲಗೆದಾರಿ ಬಿಟ್ಟು ಜಾರಿದ ಕುದುರೆಗಳು ಮೇಲೆ ಬರಲಿಲ್ಲ. ಆ ಜುಲೈನಿಂದ ಜರ್ಮನರು ಸಾಸಿವೆ ಅನಿಲದ ಶೆಲ್ಲುಗಳನ್ನು ಬೇಕೆಂದೇ ಫಿರಂಗಿಗಳ ಮೇಲೆ ಎಸೆಯತೊಡಗಿದ್ದರು. ಮುಖವಾಡ ತೊಟ್ಟು, ಮಂಜಾದ ಗಾಜಿನೊಳಗಿಂದ ಅಂಕಿ ಓದಿ, ರಾತ್ರಿಯಿಡೀ ಶೆಲ್ ಹೊರುವ ಕೆಲಸವದು. ಬದುಕಿ ಮನೆಗೆ ಹೋದವರಲ್ಲಿ ಎಷ್ಟೋ ಜನರ ಕಿವಿ ಹಿಂದಿರುಗಲಿಲ್ಲ.

ಯುದ್ಧ ನಿಂತದ್ದು 1918ರ ನವೆಂಬರ್ 11ರಂದು, ಬೆಳಗ್ಗೆ ಹನ್ನೊಂದಕ್ಕೆ. ಅಮೆರಿಕನ್ನರು ಮೊಸೆಲ್ ನದಿಯ ಬಳಿ ಇಟ್ಟಿದ್ದ ಶಬ್ದಮಾಪಕದ ಫಿಲ್ಮ್ ಪಟ್ಟಿಯೊಂದು 1919ರಲ್ಲಿ ಅಚ್ಚಾಯಿತು. ಅದರಲ್ಲಿ ಆರು ಮೈಕ್ರೊಫೋನಿನ ಆರು ಗೆರೆಗಳಿವೆ. ಎಡಭಾಗದಲ್ಲಿ, ಹನ್ನೊಂದಕ್ಕೆ ಒಂದು ನಿಮಿಷ ಮೊದಲು, ಆರೂ ಗೆರೆಗಳು ನಡುಗುತ್ತಿವೆ. ಬಲಭಾಗದಲ್ಲಿ, ಒಂದು ನಿಮಿಷದ ನಂತರ, ನೇರವಾಗಿವೆ. ಎರಡನೆಯ ಗೆರೆಯಲ್ಲಿ ಮಾತ್ರ ಎರಡು ಸಣ್ಣ ಕಂಪನಗಳಿವೆ. ಯಾವನೋ ಸೈನಿಕ ಖುಷಿಯಿಂದ ಮೈಕ್ರೊಫೋನಿನ ಹತ್ತಿರ ಎರಡು ಸಲ ಪಿಸ್ತೂಲು ಹಾರಿಸಿರಬೇಕು ಎಂದು ಅದರ ಕೆಳಗೆ ಬರೆದಿದ್ದಾರೆ.