ಕಷ್ಟಪ್ರಕೃತಿಯ ಮಗು

ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಎರಡು ಮಕ್ಕಳಲ್ಲಿ ಒಂದು ಹೊತ್ತಿಗೆ ಸರಿಯಾಗಿ ಉಂಡು ಮಲಗುವುದು. ಇನ್ನೊಂದು ಎಣ್ಣೆನೀರೆಂದರೆ ಬೀದಿಗೆಲ್ಲ ಕೇಳುವಂತೆ ಚೀರುವುದು, ಹೊಸಬರನ್ನು ಕಂಡರೆ ಮುಖ ತಿರುಗಿಸುವುದು. "ತಾಯಿಯ ಮುದ್ದು ಹೆಚ್ಚಾಯಿತು" ಎಂದು ನೆರೆಯವರು ಹೇಳುವರು. "ನಾಲ್ಕು ಏಟು ಬಿದ್ದರೆ ಸರಿಹೋದೀತು" ಎಂದು ಮನೆಯ ಹಿರಿಯರು ಹೇಳುವರು. ಈ ತೀರ್ಪುಗಳು ಎಷ್ಟರಮಟ್ಟಿಗೆ ನ್ಯಾಯವಾದುವೆಂಬುದನ್ನು ನಾವು ವಿಚಾರಮಾಡೋಣ.

1956ರಲ್ಲಿ ನ್ಯೂಯಾರ್ಕ್ ನಗರದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿಗಳು ಶಿಶುಗಳ ನಡವಳಿಕೆಯನ್ನು ಮೊದಲ ತಿಂಗಳುಗಳಿಂದಲೇ ಗಮನಿಸಲಾರಂಭಿಸಿ, ಅವೇ ಮಕ್ಕಳನ್ನು ಅನೇಕ ವರ್ಷಗಳ ಕಾಲ ಹಿಂಬಾಲಿಸಿದರು. ಮಕ್ಕಳ ದೋಷಗಳಿಗೆಲ್ಲ ತಾಯಿಯೇ ಹೊಣೆಯೆಂಬ ಮತವು ಆಗ ಪ್ರಬಲವಾಗಿದ್ದಿತು. ಇವರಿಗೆ ಕಂಡದ್ದಾದರೋ ಬೇರೆ. ಸ್ವಭಾವಭೇದಗಳು ಶೈಶವದಲ್ಲಿಯೇ ತೋರಿಬರುತ್ತವೆ. ಅವರ ಗಣನೆಯಲ್ಲಿ ನೂರಕ್ಕೆ ಸುಮಾರು 40 ಮಕ್ಕಳು ಸುಲಭಪ್ರಕೃತಿಯವರು, 15 ಮಂದಿ ಹೊಸದಕ್ಕೆ ಮೆಲ್ಲಮೆಲ್ಲನೆ ಒಗ್ಗುವವರು, 10 ಮಂದಿ ಕಷ್ಟಪ್ರಕೃತಿಯವರು, ಉಳಿದವರು ಮಿಶ್ರರು. ಹಸಿವು ನಿದ್ರೆಗಳಿಗೆ ನಿಯಮವಿಲ್ಲದಿರುವುದು, ಹೊಸದರಿಂದ ಹಿಂಜರಿಯುವುದು, ಬದಲಾವಣೆಗೆ ಬೇಗ ಒಗ್ಗದಿರುವುದು, ಭಾವಗಳ ತೀವ್ರತೆ, ಆಗಾಗ್ಗೆ ಅಸಮಾಧಾನ, ಈ ಐದೂ ಕಷ್ಟಪ್ರಕೃತಿಯ ಲಕ್ಷಣಗಳು.

ಇಂತಹ ಮಕ್ಕಳಲ್ಲಿ ಬಹುಮಂದಿಗೆ ಮುಂದೆ ನಡತೆಯ ತೊಂದರೆಗಳು ಕಾಣಿಸಿಕೊಂಡುವು. ಆದರೆ ಎಲ್ಲರಿಗೂ ಅಲ್ಲ. ಮಗುವಿನ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಇರುವ ಹೊಂದಿಕೆಯೇ ಈ ಅಂತರಕ್ಕೆ ಮುಖ್ಯ ಕಾರಣವೆಂದು ಅವರು ನಿರ್ಣಯಿಸಿದರು. ಅದೇ ನಗರದ ಪೋರ್ಟೋರಿಕೋ ಮೂಲದ ಶ್ರಮಜೀವಿ ಕುಟುಂಬಗಳಲ್ಲಿ ಚಿಕ್ಕಮಕ್ಕಳು ಇಷ್ಟಬಂದಾಗ ಮಲಗುತ್ತಿದ್ದರು. ಯಾರೂ ಅದನ್ನು ದೋಷವೆಂದೆಣಿಸಲಿಲ್ಲ. ಶಾಲೆಗೆ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿ ಬಂದಾಗಲೇ ನಿದ್ರೆ ತೊಡಕಾಯಿತು. ಸ್ವಭಾವ ಅದೇ, ಬದಲಾದದ್ದು ಬೇಡಿಕೆ.

ಹಾಗೆಂದಮಾತ್ರಕ್ಕೆ ಮಗು ಕೇಳಿದ್ದೆಲ್ಲವನ್ನೂ ಕೊಡಬೇಕೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ನಿಯಮಗಳು ಕೆಲವೇ ಇರಲಿ. ಆದರೆ ಅವು ಎಲ್ಲರ ಬಾಯಲ್ಲೂ ಒಂದೇ ಆಗಿರಲಿ. ತಂದೆ ನಿರಾಕರಿಸಿದ್ದನ್ನು ಅಜ್ಜಿ ಅಳುವಿಗೆ ಸೋತು ಕೊಟ್ಟರೆ, ಗಟ್ಟಿಯಾಗಿ ಅತ್ತರೆ ಕೆಲಸವಾಗುವುದೆಂಬ ಪಾಠವನ್ನು ಮಗು ಕಲಿಯುತ್ತದೆ. ಏಟು ಕೊಟ್ಟರೆ, ಕೋಪಕ್ಕೆ ಕೋಪವೇ ಉತ್ತರವೆಂಬುದನ್ನು ಕಲಿಯುತ್ತದೆ. ಆಟ ಬಿಟ್ಟು ಏಳಬೇಕಾದರೆ ಸ್ವಲ್ಪ ಮುಂಚಿತವಾಗಿ ತಿಳಿಸುವುದು, ಹೊಸ ಶಾಲೆಯನ್ನು ಸೇರುವ ಮೊದಲೇ ಒಂದೆರಡು ಸಲ ತೋರಿಸಿ ಕರೆತರುವುದು, ರಂಪದ ನಡುವೆ ಉಪದೇಶಮಾಡದೆ ಅದು ಇಳಿದಮೇಲೆ ಎರಡೇ ಮಾತು ಹೇಳುವುದು, ಇವು ಫಲಕಾರಿಯಾದ ಉಪಾಯಗಳು.

ಶಾಂತವಾಗಿದ್ದ ಮಗು ಹಠಾತ್ತನೆ ಹಟಮಾರಿಯಾದರೆ ಅದು ಸ್ವಭಾವವಲ್ಲ. ಕಿವಿನೋವೋ ಬೇರಾವ ವ್ಯಾಧಿಯೋ ಇರಬಹುದು, ವೈದ್ಯರಿಗೆ ತೋರಿಸತಕ್ಕದ್ದು. ಮಾತು ತಡವಾದರೂ, ಕಿವಿ ಮಂದವೆಂಬ ಸಂಶಯ ಬಂದರೂ ಹಾಗೆಯೇ.

ಕೊನೆಯದಾಗಿ ಮನೆಯವರಲ್ಲಿ ಒಂದು ವಿಜ್ಞಾಪನೆ. ರಾತ್ರಿಯೆಲ್ಲ ಮಗುವನ್ನು ತೋಳಿನಲ್ಲಿ ಹೊತ್ತು ತಿರುಗಿದ ತಾಯಿಗೆ ಬೆಳಗ್ಗೆ ದೂಷಣೆಯ ಮಾತು ಬೇಡ. ಯಾರಾದರೂ ಒಂದು ಗಂಟೆ ಮಗುವನ್ನೆತ್ತಿಕೊಂಡು ಆಕೆಯನ್ನು ಮಲಗಗೊಡಲಿ.