ಸತ್ತ ಟಿ.ವಿ.ಗೆ ದಾರಿ ಯಾವುದು?

ಕಾಯ್ದೆ ದಿಲ್ಲಿಯಲ್ಲಿ, ಕಸ ಕಮಲಾಪುರದಲ್ಲಿ

ಕಲಬುರಗಿ: ಮನುಷ್ಯ ಸತ್ತರೆ ಎಲ್ಲಿಗೆ ಒಯ್ಯಬೇಕೆಂಬುದು ಎಲ್ಲರಿಗೂ ಗೊತ್ತು. ಎತ್ತು ಸತ್ತರೂ ಗೊತ್ತು. ಟಿ.ವಿ. ಸತ್ತರೆ? ಕಂಪ್ಯೂಟರು, ಮಿಕ್ಸರು, ಮೊಬೈಲು ಸತ್ತರೆ? ಸೂಪರ್ ಮಾರ್ಕೆಟಿನ ಅಂಗಡಿಗಳಲ್ಲಿ ಕೇಳಿ ನೋಡ್ರಿ, ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ನೋಡ್ರಿ. ಉತ್ತರ ಎರಡೇ. ಒಂದು, ಅಟ್ಟದ ಮ್ಯಾಲ ಬಿದ್ದದ. ಇನ್ನೊಂದು, ಗುಜರಿಗೆ ಹಾಕೀವಿ.

ಗುಜರಿಯವನನ್ನು ಬೈದು ಫಲವಿಲ್ಲ. ಅವನು ತೂಕದ ಮೇಲೆ ಕೊಳ್ಳುವವನು. ಅವನಿಗೆ ಬೇಕಾದದ್ದು ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಹೊಟ್ಟೆಪಾಡಿನ ವ್ಯಾಪಾರದಲ್ಲಿ ತಂತಿಯಿಂದ ತಾಮ್ರ ಬಿಡಿಸುವ ಅಗ್ಗದ ಉಪಾಯ ಎಂದರೆ ಬೆಂಕಿ. ಮೇಲಿನ ಪ್ಲಾಸ್ಟಿಕ್ ಉರಿದಾಗ ಏಳುವ ಕರಿಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಹಳೆಯ ಡಬ್ಬಾ ಟಿ.ವಿ.ಯ ಗಾಜಿನಲ್ಲಿ ಸೀಸ ಇದೆ, ಹಳೆಯ ಬೋರ್ಡುಗಳ ಬೆಸುಗೆಯಲ್ಲಿಯೂ ಸೀಸ ಇದೆ. ಟ್ಯೂಬ್‌ಲೈಟಿನೊಳಗೆ ಪಾದರಸ. ಲೋಹವನ್ನೆಲ್ಲ ಕಿತ್ತುಕೊಂಡ ಮೇಲೆ ಒಡೆದ ಗಾಜಿಗೆ ಬೆಲೆಯಿಲ್ಲ. ಅದು ನಾಲೆಗೋ ತಿಪ್ಪೆಗೋ ಬೀಳುತ್ತದೆ. ಸೀಸ ಮೈಯೊಳಗೆ ಹೊಕ್ಕರೆ ಎಲ್ಲರಿಗಿಂತ ಹೆಚ್ಚು ಕೆಡುಕು ಆಡುವ ಮಕ್ಕಳಿಗೆ, ಅವರ ಮಿದುಳಿಗೆ.

ಕಮಲಾಪುರದ ಕೆಂಪು ಬಾಳೆಗೆ ಜಿ.ಐ. ಮಾನ್ಯತೆ ಇದೆ. ಆ ಹೆಸರು ಬಂದದ್ದು ಅಲ್ಲಿನ ಮಣ್ಣಿನಿಂದ, ನೀರಿನಿಂದ. ಆ ಮಣ್ಣಿಗೇ ಸೀಸ ಸೇರಿದರೆ ಹೆಸರು ಇಟ್ಟುಕೊಂಡು ಏನು ಮಾಡೋಣ?

ಕಾಯ್ದೆ ಇಲ್ಲವೇ? ಬೇಕಾದಷ್ಟಿದೆ. 2011ರಲ್ಲಿ ಬಂದ ಮೊದಲ ಇ-ತ್ಯಾಜ್ಯ ನಿಯಮ 2012ರ ಮೇ 1ರಿಂದ ಜಾರಿಯಾಯಿತು. 2016ರಲ್ಲಿ ಎರಡನೆಯದು ಬಂತು. ಮೂರನೆಯದು 2022ರ ನವೆಂಬರಿನಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ನಡೆದಿದೆ. ಮೊದಲು 21 ಬಗೆಯ ಸಾಮಾನು ಈ ಲೆಕ್ಕದಲ್ಲಿದ್ದವು, ಈಗ 106. ಟಿ.ವಿ., ಫ್ರಿಜ್ಜು, ಮೊಬೈಲು ಮಾಡಿ ಮಾರುವ ಕಂಪನಿಗಳು ಹಳೆಯ ಮಾಲಿನ ಇಂತಿಷ್ಟು ಪಾಲು ಮರುಬಳಕೆ ಮಾಡಿಸಲೇಬೇಕು. 2023-24ರಲ್ಲಿ ಆ ಪಾಲು ಶೇ. 60 ಇತ್ತು. 2025-26ರಿಂದ ಶೇ. 70, 2027-28ರಿಂದ ಶೇ. 80.

ಕೇಳಲು ಬಹಳ ಚೆಂದ. ಒಳಗಿನ ಗುಟ್ಟು ಬೇರೆ ಇದೆ. ಕಂಪನಿಯವರು ಬಂದು ನಿಮ್ಮ ಅಟ್ಟ ಹತ್ತಬೇಕಾಗಿಲ್ಲ. ದೇಶದ ಯಾವುದೋ ಮೂಲೆಯ ನೋಂದಾಯಿತ ಮರುಬಳಕೆ ಕಾರ್ಖಾನೆಯಿಂದ ಪ್ರಮಾಣಪತ್ರ ಕೊಂಡರೆ ಅವರ ಲೆಕ್ಕ ಚುಕ್ತಾ. ಆ ಪತ್ರ ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ತೂಕದ ಮೇಲೆ. 2024ರಲ್ಲಿ ಸರ್ಕಾರ ಮನೆಬಳಕೆಯ ಸಾಮಾನಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಿರೆಂದಾಗ ಕೆಲವು ದೊಡ್ಡ ಕಂಪನಿಗಳು ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಇಷ್ಟೆಲ್ಲ ಜಗ್ಗಾಟ ನಡೆದಿರುವುದು ಮೇಲೆ. ಕೆಳಗೆ ಕಮಲಾಪುರದ ಟಿ.ವಿ. ಅಟ್ಟದಲ್ಲೇ ಧೂಳು ತಿನ್ನುತ್ತಿದ್ದರೂ ಮೇಲಿನ ಲೆಕ್ಕದಲ್ಲಿ ಎಲ್ಲವೂ ಸರಿ.

ಅಂಗಡಿಕಾರರ ಪಾಡೇನು? 2016ರ ನಿಯಮದಂತೆ, ಕಂಪನಿಯು ಸಂಗ್ರಹದ ಜವಾಬ್ದಾರಿ ವಹಿಸಿದ್ದರೆ ಡೀಲರು ಅಂಗಡಿಯಲ್ಲಿ ಡಬ್ಬಿಯನ್ನೋ ಜಾಗವನ್ನೋ ಇಡಬೇಕಿತ್ತು. ಈಗಿನ ನಿಯಮದಲ್ಲಿ ಆ ಮಾತಿಲ್ಲ. ಅದೂ ಅಲ್ಲದೆ ಸೂಕ್ಷ್ಮ ಉದ್ದಿಮೆಗಳಿಗೆ ಈ ನಿಯಮವೇ ಅನ್ವಯಿಸುವುದಿಲ್ಲ. ಸಣ್ಣ ರಿಪೇರಿ ಅಂಗಡಿಯವನಿಗೆ ಕೇಸಿನ ಭಯ ಬೇಡ. ಆದರೆ ಕೆಟ್ಟ ಬೋರ್ಡು ಎಲ್ಲಿಗೆ ಕಳಿಸಬೇಕೆಂದು ಅವನಿಗೆ ಹೇಳುವವರೂ ಇಲ್ಲ.

ದೊಡ್ಡವರ ಮಾತು ಬೇರೆ. ವರ್ಷದಲ್ಲಿ ಯಾವಾಗಲಾದರೂ 1000 ಅಥವಾ ಅದಕ್ಕೂ ಹೆಚ್ಚು ವಿದ್ಯುತ್ ಸಾಮಾನು ಬಳಸುವ ಕಚೇರಿ, ಕಾಲೇಜು, ಆಸ್ಪತ್ರೆಗಳು ಹಳೆಯದನ್ನು ನೋಂದಾಯಿತರಿಗೆ ಮಾತ್ರ ಕೊಡಬೇಕು. ಹೆಚ್ಚು ಬೆಲೆ ಕೂಗಿದನೆಂದು ಹಳೆಯ ಕಂಪ್ಯೂಟರುಗಳನ್ನು ಹರಾಜಿನಲ್ಲಿ ಗುಜರಿಗೆ ಹಾಕುವಂತಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಜೈಲು ಶಿಕ್ಷೆ ತೆಗೆದು, 2024ರ ಏಪ್ರಿಲ್‌ನಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದ್ದಾರೆ. ಹರಾಜಿನ ಕಡತಕ್ಕೆ ಸಹಿ ಹಾಕುವ ಸಾಹೇಬರು ಇದನ್ನೊಮ್ಮೆ ಓದಿಕೊಂಡರೆ ಒಳ್ಳೇದು.

ಇದೆಲ್ಲ ನಮ್ಮ ಊರಲ್ಲಿ ಆಗದ ಮಾತು ಅನ್ನುವವರು ಇನ್ವರ್ಟರ್ ಬ್ಯಾಟರಿ ನೋಡಬೇಕು. ಹಳೆಯದು ತಂದರೆ ಹೊಸದರ ಬೆಲೆಯಲ್ಲಿ ಇಷ್ಟು ಕಡಿಮೆ ಅಂತಾರೆ ಸಾಹುಕಾರರು. ಮಾರಿದವರೇ ಹಳೆಯ ಬ್ಯಾಟರಿ ವಾಪಸ್ ತಗೊಳ್ಳಬೇಕೆಂದು 2001ರಲ್ಲೇ ನಿಯಮ ಬಂದಿತ್ತು, 2022ರಲ್ಲಿ ಅದರ ಜಾಗಕ್ಕೆ ಹೊಸ ಬ್ಯಾಟರಿ ನಿಯಮ ಬಂದಿದೆ. ಎಲ್ಲಾ ಬ್ಯಾಟರಿಯೂ ಸರಿಯಾದ ಕಾರ್ಖಾನೆಗೇ ಹೋಗುತ್ತದೆ ಎನ್ನಲಾಗದು. ಆದರೂ ಇನ್ವರ್ಟರ್ ಬ್ಯಾಟರಿಯನ್ನು ಗಟಾರಕ್ಕೆ ಎಸೆಯುವವರು ಯಾರೂ ಇಲ್ಲ. ಯಾಕಂದರೆ ಅದಕ್ಕೊಂದು ಬೆಲೆ ಇದೆ, ತಿರುಗಿ ಹೋಗುವ ದಾರಿಯೂ ಇದೆ. ಟಿ.ವಿ.ಗೆ ಬೇಕಾಗಿರುವುದೂ ಅದೇ ದಾರಿ.

ಆ ದಾರಿ ಹಾಕಬೇಕಾದವರು ಯಾರು? ನಿಯಮದ ಅನುಸೂಚಿಯಲ್ಲೇ ಬರೆದಿದೆ. ಕಸದಲ್ಲಿ ಬೆರೆತ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತರಿಗೆ ತಲುಪಿಸುವುದು, ವಾರಸುದಾರರಿಲ್ಲದ ಮಾಲನ್ನು ಎತ್ತುವುದು, ಸಂಗ್ರಹಕ್ಕೆ ಅನುಕೂಲ ಮಾಡಿಕೊಡುವುದು ಸ್ಥಳೀಯ ಸಂಸ್ಥೆಯ ಕೆಲಸ. ನಗರದ್ದಾಗಲಿ ಹಳ್ಳಿಯದ್ದಾಗಲಿ, ಬಿಡುಗಡೆಯಿಲ್ಲ. ಕೈಗಾರಿಕಾ ಪ್ರದೇಶಗಳಲ್ಲಿ ಈ ಉದ್ಯೋಗಕ್ಕೆ ಜಾಗ ಮೀಸಲಿಡುವುದು ರಾಜ್ಯ ಸರ್ಕಾರದ ಕೆಲಸ. ನಮ್ಮಲ್ಲಿ ಕಪನೂರು ಕೈಗಾರಿಕಾ ಪ್ರದೇಶ ಇದ್ದೇ ಇದೆ.

ಎರಡು ಟಿ.ವಿ. ಸಲುವಾಗಿ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಯಾರೂ ಲಾರಿ ಕಳಿಸುವುದಿಲ್ಲ. ಡೀಸೆಲ್ ಖರ್ಚೂ ಹುಟ್ಟದು. ಒಂದು ಲಾರಿ ತುಂಬುವಷ್ಟು ಮಾಲು ಒಂದೇ ಕಡೆ ಕೂಡಿದರೆ ಬಂದೇ ಬರುತ್ತಾರೆ. ಅದಕ್ಕೆ ಬೇಕಾದದ್ದು ಕೋಟಿಯ ಯೋಜನೆ ಅಲ್ಲ. ಕಲಬುರಗಿಯಲ್ಲಿ ಬೀಗ ಇರುವ ಒಂದು ಕೋಣೆ, ಕಮಲಾಪುರದಲ್ಲಿ ತಿಂಗಳಿಗೆ ಒಂದು ಗೊತ್ತಾದ ದಿನ. ಹೊಸ ಟಿ.ವಿ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗುತ್ತದೆ. ಹಳೆಯದು ಅದೇ ರಸ್ತೆಯಲ್ಲಿ ತಿರುಗಿ ಬರಲು ಏನಡ್ಡಿ? ಸೂಪರ್ ಮಾರ್ಕೆಟಿನ ವ್ಯಾಪಾರಿಗಳು ಕೂಡಿ ಒಂದು ಗೋದಾಮು ಗೊತ್ತುಮಾಡಿಕೊಂಡರೂ ಅರ್ಧ ಕೆಲಸ ಆದಂತೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು. ಹಳೆಯ ಟಿ.ವಿ., ಟ್ಯೂಬ್‌ಲೈಟು ಒಡೆಯಬೇಡಿ. ತಂತಿ ಸುಡಬೇಡಿ, ಸುಡುವವರಿಗೆ ಕೊಡಬೇಡಿ. ಉಬ್ಬಿದ ಮೊಬೈಲ್ ಬ್ಯಾಟರಿಗೆ ಮೊಳೆ ತಾಗಿಸಬೇಡಿ, ಬೆಂಕಿ ಹತ್ತೀತು. ಅದನ್ನು ಮನೆ ಕಸದಲ್ಲಿ ಬೆರೆಸದೆ ಬೇರೆ ಇಡಿ. ಹೊಸದು ಕೊಳ್ಳುವಾಗ ಹಳೆಯದು ತಗೋತೀರಾ ಎಂದು ಸಾಹುಕಾರರನ್ನು ಕೇಳಿ. ಹತ್ತು ಗಿರಾಕಿ ಕೇಳಿದರೆ ಹನ್ನೊಂದನೆಯವನಿಗೆ ಸಾಹುಕಾರರೇ ಹೇಳುತ್ತಾರೆ. ಮಾಲು ಒಯ್ಯಲು ಬಂದವನು ನೋಂದಾಯಿತನೋ ಅಲ್ಲವೋ ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಸಿಗುತ್ತದೆ. ಪಟ್ಟಿ ನೋಡಿ, ರಸೀತಿ ಪಡೆದು ಕೊಡಿ.

ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಇ-ಕಸ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಸರಿಯಾಗಿ ಲೆಕ್ಕಕ್ಕೆ ಸಿಕ್ಕದ್ದು ಶೇ. 22.3 ಮಾತ್ರ. ಉಳಿದದ್ದು ಅಟ್ಟದಲ್ಲಿ, ತಿಪ್ಪೆಯಲ್ಲಿ, ಬೆಂಕಿಯಲ್ಲಿ. ಜಗತ್ತಿನ ಚಿಂತೆ ಜಗತ್ತಿಗಿರಲಿ. ಮಹಾನಗರ ಪಾಲಿಕೆಯವರು ಜಾಗ ಗೊತ್ತುಮಾಡಿದ್ದರೆ ಜನರ ಕಣ್ಣಿಗೆ ಬೀಳುವಂತೆ ಸೂಪರ್ ಮಾರ್ಕೆಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಹಚ್ಚಲಿ. ಗೊತ್ತುಮಾಡಿರದಿದ್ದರೆ ಮಾಡಲಿ. ಕಮಲಾಪುರದವರಿಗೂ ಇದೇ ಮಾತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?